ಸೆಂಟ್ರಲ್ ಪಾರ್ಕಿಗೆ ಮಕ್ಕಳನ್ನು ಅಜ್ಜ-ಅಜ್ಜಿಯ ಜೊತೆ ಕಳಿಸಿ

ಜೂನ್ ಕೊನೆಗೆ ನ್ಯೂಯಾರ್ಕಿನ ಶಾಲೆಗಳಿಗೆ ರಜೆ ಶುರುವಾಗುತ್ತದೆ. ಸೆಪ್ಟೆಂಬರ್ ತನಕ ಮಕ್ಕಳನ್ನು ಎಲ್ಲಿ ಬಿಡೋದು ಅಂತ ಅಲ್ಲಿಯ ಕನ್ನಡ ಅಪ್ಪ-ಅಮ್ಮಂದಿರ ಈ ಗುಂಪಿನಲ್ಲಿ ಪ್ರತಿ ವರ್ಷ ಇದೇ ಮಾತು. ಸಮ್ಮರ್ ಕ್ಯಾಂಪ್ ದುಬಾರಿ. ಮನೆಯಲ್ಲಿದ್ದರೆ ದಿನವಿಡೀ ಟ್ಯಾಬ್.

ಇತ್ತ ಕಲಬುರಗಿಯಲ್ಲಿ ನಮ್ಮದೂ ಒಂದು ಗುಂಪಿದೆ. ಮಕ್ಕಳನ್ನು ಅಮೆರಿಕಕ್ಕೆ ಕಳಿಸಿ ಸಂಜೆ ಪಬ್ಲಿಕ್ ಗಾರ್ಡನ್ ಬೆಂಚಿನ ಮೇಲೆ ಕೂಡುವ ಅಪ್ಪ-ಅಮ್ಮಂದಿರ ಗುಂಪು. ನಮ್ಮ ಚಿಂತೆ ಇನ್ನೊಂದು. "ಆರು ತಿಂಗಳು ಅಲ್ಲಿ ಹೋಗಿ ಏನು ಮಾಡೋದ್ರೀ? ಮಗಳು, ಅಳಿಯ ಕೆಲಸಕ್ಕೆ ಹೋದರೆ ಗೋಡೆ ನೋಡ್ತಾ ಕೂಡಬೇಕು."

ಅಲ್ಲಿ ಮಕ್ಕಳಿಗೆ ಜೊತೆಯಿಲ್ಲ, ಇಲ್ಲಿಂದ ಹೋದವರಿಗೆ ಕೆಲಸವಿಲ್ಲ. ಹಾಗಿದ್ದ ಮೇಲೆ ಇಬ್ಬರನ್ನೂ ಸೇರಿಸಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ಕಳಿಸಬಾರದೇಕೆ? ವಾರದ ದಿನ, ಬೆಳಗ್ಗೆ, ನೀವಿಲ್ಲದೆ. ಕೊನೆಯ ಮಾತು ಮುಖ್ಯ. ಭಾನುವಾರ ನೀವು ಕರೆದುಕೊಂಡು ಹೋಗುವುದನ್ನು ನಾನೂ ನೋಡಿದ್ದೇನೆ. ಸೇತುವೆ ಹತ್ತಿರ ಫೋಟೋ, ಕಾರಂಜಿ ಹತ್ತಿರ ಫೋಟೋ, ಐಸ್ ಕ್ರೀಮು, ಪಾರ್ಕಿಂಗ್ ಟೈಮ್ ಆಯ್ತು, ಮನೆಗೆ. ಮಗು ಒಂದು ಕಲ್ಲಿನ ಹತ್ತಿರ ನಿಂತರೆ "ಬೇಗ ಬಾ" ಅಂತ ಕೂಗು. ಆ ಪಾರ್ಕಿನಲ್ಲಿ ಪುಕ್ಕಟೆ ಸಿಗುವುದಕ್ಕೆಲ್ಲ ಬೇಕಾಗಿರುವುದು ಪುರುಸೊತ್ತು. ಅದು ನಿಮ್ಮ ಹತ್ತಿರ ಇಲ್ಲ, ನಮ್ಮ ಹತ್ತಿರ ಬೇಕಾದಷ್ಟಿದೆ.

ನಾನು ಪ್ರೈಮರಿ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ನಮ್ಮ ಮನೆಯವರು ಕೆಇಬಿಯಲ್ಲಿದ್ದರು. ಮಗಳು ನ್ಯೂಯಾರ್ಕಿನದೇ ಭಾಗವಾದ ಕ್ವೀನ್ಸ್‌ನಲ್ಲಿದ್ದಾಳೆ. ಅಲ್ಲಿಂದ ಸಬ್‌ವೇ, ಅಂದರೆ ನೆಲದಡಿಯ ರೈಲಿನ, ಆರ್ ಟ್ರೇನ್ ಹತ್ತಿದರೆ ಫಿಫ್ತ್ ಅವೆನ್ಯೂ 59ನೇ ಸ್ಟ್ರೀಟ್ ಸ್ಟೇಷನ್. ಮೇಲೆ ಹತ್ತಿ ಬಂದರೆ ಎದುರಿಗೇ ಪಾರ್ಕಿನ ಮೂಲೆ. 44 ಇಂಚಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಸಬ್‌ವೇ ಪುಕ್ಕಟೆ. ಟಿಕೆಟ್ ದುಡ್ಡು ಕೊಟ್ಟ ದೊಡ್ಡವರೊಬ್ಬರು ಅಂಥ ಮೂರು ಮಕ್ಕಳನ್ನು ಕರೆದೊಯ್ಯಬಹುದು.

ಪಾರ್ಕ್ 843 ಎಕರೆ. 59ನೇ ಸ್ಟ್ರೀಟಿನಿಂದ 110ರ ತನಕ, ಉದ್ದ ಸುಮಾರು ನಾಲ್ಕು ಕಿಲೋಮೀಟರ್. ಒಂದು ದಿನಕ್ಕೆ ಒಂದು ಮೂಲೆ ಸಾಕು. ಎಲ್ಲವನ್ನೂ ನೋಡಿ ಮುಗಿಸಬೇಕು ಅನ್ನುವ ಹಟ ಬೇಡ.

ಮೊದಲ ಸಲ ಹೋಗುವ ಅಜ್ಜಂದಿರಿಗೆ ದಾರಿ ತಪ್ಪುವ ಭಯ ಇರುತ್ತದೆ. ಇಂಗ್ಲಿಷ್ ಅಷ್ಟಕ್ಕಷ್ಟೇ ಇದ್ದರಂತೂ ಕೇಳುವುದೇ ಬೇಡ. ಅವರಿಗೆ ದೀಪದ ಕಂಬ ತೋರಿಸಿ. ಪಾರ್ಕಿನ ಒಂದೊಂದು ಕಂಬದ ಮೇಲೂ ನಾಲ್ಕು ಅಂಕಿಯ ಸಂಖ್ಯೆ ಇದೆ. ಮೊದಲ ಎರಡು 72 ಇದ್ದರೆ ಹತ್ತಿರದ ರಸ್ತೆ 72ನೇದು. ಕೊನೆಯ ಅಂಕಿ ಸಮ ಇದ್ದರೆ ನೀವು ಪೂರ್ವದ ಕಡೆ, ಬೆಸ ಇದ್ದರೆ ಪಶ್ಚಿಮದ ಕಡೆ. ನಮ್ಮ ಮನೆಯವರು ಇಡೀ ಜೀವನ ಕಂಬಗಳ ಜೊತೆಗೇ ಕಳೆದವರು, ಇದನ್ನು ಕಂಡು ಖುಷಿಯೋ ಖುಷಿ. ಮೊಮ್ಮಗಳಿಗೆ ಅದೇ ಆಟವಾಯಿತು. ಕಂಬ ಕಂಡಲ್ಲೆಲ್ಲ ಓಡಿ ಹೋಗಿ ಓದುವುದು, "ಅಜ್ಜಾ, ಪೂರ್ವ!" ಅಂತ ಕೂಗುವುದು. ಸಮ-ಬೆಸ ಕಲಿಸಲು ನಾನು ಶಾಲೆಯಲ್ಲಿ ಎಷ್ಟು ಹುಣಸೆ ಬೀಜ ಎಣಿಸಿದ್ದೆನೋ!

ದಕ್ಷಿಣದ ತುದಿಯಲ್ಲಿ ಅಂಪೈರ್ ರಾಕ್ ಅಂತ ಒಂದು ದೊಡ್ಡ ಬಂಡೆ ಇದೆ. ಹತ್ತಬಹುದು, ಯಾರೂ ಬೈಯುವುದಿಲ್ಲ. ಶಹಾಬಾದ್ ಕಲ್ಲಿನ ನೆಲದ ಮೇಲೆ ಬೆಳೆದ ನಮಗೆ ಕಲ್ಲು ಅಂದರೆ ಚಪ್ಪಟೆ ಹಾಸು. ಇದು ಬೇರೆ ಜಾತಿ. ಅಭ್ರಕ ಸೇರಿ ಬಿಸಿಲಿಗೆ ಮಿಣಮಿಣ ಅನ್ನುತ್ತದೆ. ವಯಸ್ಸು ಸುಮಾರು 45 ಕೋಟಿ ವರ್ಷ. ಮೇಲೆ ಉದ್ದಕ್ಕೆ ಗೀರುಗಳಿವೆ. ಹಿಮಯುಗದಲ್ಲಿ ಮಂಜುಗಡ್ಡೆಯ ರಾಶಿ ತಳದ ಕಲ್ಲುಗಳನ್ನು ಎಳೆದುಕೊಂಡು ಇದರ ಮೇಲೆ ಉಜ್ಜುತ್ತಾ ಸರಿದ ಗುರುತು. ಆ ಗೀರಿನೊಳಗೆ ಮಗುವಿನ ಬೆರಳು ಇಡಿಸಿ, ಆಮೇಲೆ ಕಥೆ ಹೇಳಿ.

ಬಂಡೆಯ ಪಕ್ಕದಲ್ಲೇ ಹೆಕ್ಷರ್ ಪ್ಲೇಗ್ರೌಂಡ್. ಪಾರ್ಕಿನಲ್ಲಿ ಇಂಥವು 21 ಇವೆ, ಇದು ಎಲ್ಲಕ್ಕಿಂತ ಹಳೆಯದು, ದೊಡ್ಡದು. ಒಂದು ನಿಯಮ ಅಜ್ಜಂದಿರಿಗೆ ಮೊದಲೇ ಹೇಳಿಡಿ. ಮಕ್ಕಳ ಆಟದ ಅಂಗಳದೊಳಗೆ ದೊಡ್ಡವರು ಮಗುವಿನ ಜೊತೆ ಮಾತ್ರ ಇರಬಹುದು. "ನಾಳೆ ಮಗು ಬರದಿದ್ದರೂ ನಾನು ಇದೇ ಬೆಂಚಿನ ಮೇಲೆ ಪೇಪರ್ ಓದುತ್ತೇನೆ" ಅಂತ ಒಬ್ಬರೇ ಹೋಗಿ ಕೂಡುವ ಹಾಗಿಲ್ಲ.

ಇನ್ನು ಮೀನಿನ ವಿಷಯ. ಇದಕ್ಕೆ ನಮ್ಮ ಬೆಂಚಿನ ಮೇಲೆ ದೊಡ್ಡ ಜಗಳವೇ ಆಗಿದೆ. ಉತ್ತರದ ತುದಿಯಲ್ಲಿ ಹಾರ್ಲೆಮ್ ಮೀರ್ ಅನ್ನುವ ಕೆರೆ ಇದೆ. ದಂಡೆಯ ಮೇಲಿನ ಡೇನಾ ಸೆಂಟರಿನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಗಾಳದ ಕೋಲು ಪುಕ್ಕಟೆ ಕೊಡುತ್ತಾರೆ. ಫೋಟೋ ಇರುವ ಗುರುತಿನ ಚೀಟಿ ಬೇಕು. ಎರೆಹುಳ ಅಲ್ಲ, ಮೆಕ್ಕೆಜೋಳದ ಕಾಳು ಸಿಕ್ಕಿಸುವುದು. ಕೊಕ್ಕೆಯ ತುದಿಗೆ ಹಿಂದಕ್ಕೆ ಬಾಗಿದ ಮುಳ್ಳು ಇರುವುದಿಲ್ಲ. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಲೇಬೇಕು, ಮನೆಗೆ ಒಯ್ಯುವಂತಿಲ್ಲ.

ನಮ್ಮದು ಮೀನು-ಮಾಂಸ ಮುಟ್ಟದ ಮನೆ. "ತಿನ್ನುವವರು ಹಿಡಿಯಲಿ, ಅದು ಅವರ ಊಟ. ಬಿಡುವುದಾದರೆ ಹಿಡಿಯುವುದು ಯಾಕೆ, ಅದರ ಬಾಯಿಗೆ ನೋವು ಮಾಡುವುದು ಯಾಕೆ?" ಅಂತ ನನ್ನ ಗೆಳತಿ ಕೇಳಿದಳು. ಅವಳ ಮಾತನ್ನು ತಳ್ಳಿಹಾಕುವುದು ಕಷ್ಟ. ಆದರೆ ಮೊಮ್ಮಗಳು ಎಲ್ಲದಕ್ಕೂ ಅವಸರ ಮಾಡುವ ಹುಡುಗಿ, ನೀರು ನೋಡುತ್ತಾ ಒಂದು ತಾಸು ಬಾಯಿಮುಚ್ಚಿ ಕೂತಿದ್ದನ್ನು ಅಲ್ಲೇ ಕಂಡೆ. ಮೀನು ಸಿಗಲಿಲ್ಲ, ನನಗೆ ಅದೂ ಒಳ್ಳೆಯದೇ ಅನಿಸಿತು. ನಿಮಗೆ ಒಗ್ಗದಿದ್ದರೆ ಗಾಳ ಬಿಡಿ. ಅದೇ ಕೆರೆಯಲ್ಲಿ ಆಮೆಗಳು ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತವೆ, ಎಣಿಸಿ. ಯಾವ ದಿನ, ಎಷ್ಟು ಹೊತ್ತಿಗೆ ಕೋಲು ಕೊಡುತ್ತಾರೆ ಅನ್ನುವುದನ್ನು ಮಾತ್ರ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿಯ ಜಾಲತಾಣದಲ್ಲಿ ನೋಡಿಕೊಂಡು ಹೊರಡಿ. ಪಾರ್ಕನ್ನು ನೋಡಿಕೊಳ್ಳುವ ಸಂಸ್ಥೆ ಅದು.

ಪಾರ್ಕಿನ ನಡುವೆ ಬೆಲ್ವೆಡೇರ್ ಕ್ಯಾಸಲ್. ಕ್ಯಾಸಲ್ ಅಂದರೆ ಕೋಟೆ ಅಂತ ಹೆಸರು, ಯಾವ ರಾಜನೂ ಇದ್ದ ಜಾಗ ಅಲ್ಲ. ನಮ್ಮ ಬಹಮನಿ ಕೋಟೆ ನೋಡಿ ಬಂದವರಿಗೆ ನಗು ಬರಬಹುದು. ಆದರೆ ಟಿವಿಯಲ್ಲಿ ಹೇಳುವ ನ್ಯೂಯಾರ್ಕಿನ ತಾಪಮಾನ 1919ರಿಂದಲೂ ಇಲ್ಲಿಯ ಅಳತೆಯೇ. ಅಲ್ಲಿ ನಿಂತು ಫೋನಿನಲ್ಲಿ ಕಲಬುರಗಿಯ ಬಿಸಿಲು ಎಷ್ಟಿದೆ ನೋಡಿ, ಕಳೆಯುವ ಲೆಕ್ಕ ಮಾಡಿಸಿ. ಬೈನಾಕ್ಯುಲರ್, ಹಕ್ಕಿಗಳ ಪುಸ್ತಕ ಇರುವ ಒಂದು ಬೆನ್ನಿನ ಚೀಲವನ್ನೂ ಮಕ್ಕಳಿಗೆ ಪುಕ್ಕಟೆ ಎರವಲು ಕೊಡುವ ಪದ್ಧತಿ ಇದೆ. ಅಲ್ಲಿದೆಯಾ ಅಂತ ಕೇಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಾಲ್ಟೋ ಎಂಬ ನಾಯಿಯ ಕಂಚಿನ ಮೂರ್ತಿ. ಪೂರ್ವದ ಕಡೆ, 67ನೇ ಸ್ಟ್ರೀಟಿನ ಹತ್ತಿರ. ಮಕ್ಕಳು ಹತ್ತಿ ಹತ್ತಿ ಬೆನ್ನು, ಕಿವಿ ಎಲ್ಲ ಬಂಗಾರದ ಬಣ್ಣಕ್ಕೆ ತಿರುಗಿವೆ. 1925ರ ಜನವರಿಯಲ್ಲಿ ಅಲಾಸ್ಕಾದ ನೋಮ್ ಊರಿನಲ್ಲಿ ಮಕ್ಕಳಿಗೆ ಗಂಟಲಮಾರಿ ಬಂತು. ಔಷಧ ಸಾವಿರ ಕಿಲೋಮೀಟರಿಗೂ ಆಚೆ. ವಿಮಾನ ಹಾರುವ ಹಾಗಿಲ್ಲ, ಅಷ್ಟು ಚಳಿ. ನಾಯಿಗಳ ಜಾರುಬಂಡಿಗಳು ಒಂದರ ಕೈಯಿಂದ ಒಂದಕ್ಕೆ ದಾಟಿಸುತ್ತಾ ಔಷಧ ಮುಟ್ಟಿಸಿದವು. ಕೊನೆಯ ಬಂಡಿಯ ಮುಂದಾಳು ಬಾಲ್ಟೋ. ಅದೇ ವರ್ಷ ಡಿಸೆಂಬರಿನಲ್ಲಿ ಮೂರ್ತಿ ನಿಂತಿತು. ಆದರೆ ಎಲ್ಲಕ್ಕಿಂತ ಜಾಸ್ತಿ ದೂರ, ಕಷ್ಟದ ದಾರಿ ಓಡಿದ್ದು ಟೋಗೋ ಎಂಬ ಇನ್ನೊಂದು ನಾಯಿಯ ತಂಡ. ಇದನ್ನು ಹೇಳಿದ ಕೂಡಲೇ ಮೊಮ್ಮಗಳು ಸಿಟ್ಟಾದಳು. "ಮತ್ತೆ ಅದಕ್ಕೆ ಯಾಕೆ ಮೂರ್ತಿ ಇಲ್ಲ?" ಇದೆ, ಮ್ಯಾನ್‌ಹಟನ್ನಿನ ಕೆಳಗಿನ ಸೀವರ್ಡ್ ಪಾರ್ಕಿನಲ್ಲಿ, ಚಿಕ್ಕದು. ಮುಂದಿನ ವಾರ ಅದನ್ನೂ ನೋಡಿ ಬಂದೆವು. ಮನೆಗೆ ಬಂದು ಅವಳು ಅಪ್ಪನಿಗೆ ಪೂರ್ತಿ ಕಥೆ ಕನ್ನಡದಲ್ಲೇ ಹೇಳಿದಳು, ಯಾಕೆಂದರೆ ಅವಳು ಕೇಳಿದ್ದೇ ಕನ್ನಡದಲ್ಲಿ. ಮಕ್ಕಳಿಗೆ ಕನ್ನಡ ಬರುವುದಿಲ್ಲ ಅಂತ ಗುಂಪಿನಲ್ಲಿ ಕೊರಗುವವರು ವಾರಕ್ಕೊಂದು ತಾಸಿನ ಕ್ಲಾಸಿಗೆ ಹಾಕುವ ಮೊದಲು ಹೀಗೊಂದು ಬೇಸಿಗೆ ನೋಡಿ.

ಶೀಪ್ ಮೆಡೋ ಎಂಬ ಹುಲ್ಲುಹಾಸಿನಲ್ಲಿ ಗಾಳಿಪಟ ಹಾರಿಸಬಹುದು. 1934ರ ತನಕ ಅಲ್ಲಿ ನಿಜವಾಗಿಯೂ ಕುರಿ ಮೇಯುತ್ತಿದ್ದವು. 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕಥೆಯ ಆಲಿಸ್ ಮೂರ್ತಿ ಕೂತಿರುವ ಅಣಬೆಯ ಮೇಲೂ ಹತ್ತಬಹುದು. ಝೂ, ತಿರುಗುವ ಕುದುರೆ, ದೋಣಿಗೆ ದುಡ್ಡು. ಕುದುರೆ ಗಾಡಿ ಮತ್ತು ಸೈಕಲ್ ರಿಕ್ಷಾದವರು ಗೇಟಿನಲ್ಲೇ ಕರೆಯುತ್ತಾರೆ, ಬೇಡ ಅಂತ ಕೈ ಆಡಿಸಿ ಮುಂದೆ ನಡೆಯಿರಿ.

ಬುತ್ತಿಗೆ ಕಟಕ ರೊಟ್ಟಿ ಒಯ್ಯಿರಿ, ಎಷ್ಟು ಹೊತ್ತಾದರೂ ಕೆಡುವುದಿಲ್ಲ. ಆದರೆ ಶೇಂಗಾ ಹಿಂಡಿ ಜೊತೆಗಿದ್ದರೆ ಹುಷಾರು. ಪಕ್ಕದಲ್ಲಿ ಆಡುವ ಮಗುವಿಗೆ "ತಗೋ ಕಂದಾ" ಅಂತ ಕೊಡುವುದು ನಮ್ಮ ಅಭ್ಯಾಸ. ಅಲ್ಲಿ ಶೇಂಗಾ ಅಲರ್ಜಿ ಇರುವ ಮಕ್ಕಳಿದ್ದಾರೆ, ಜೀವಕ್ಕೇ ಅಪಾಯ ಆಗಬಹುದು. ಬೇರೆ ಮಕ್ಕಳಿಗೆ ಏನನ್ನೂ ಕೊಡಬೇಡಿ. ತಿಂದ ಮೇಲೆ ನಮ್ಮ ಮಗುವಿನ ಕೈ ತೊಳೆಸಿ.

ನಾಯಿ ಕಂಡರೆ ಹೆದರುವವರು ಒಂಬತ್ತು ಗಂಟೆಯ ನಂತರ ಹೋಗಿ. ಅದಕ್ಕಿಂತ ಮುಂಚೆ ಪಾರ್ಕಿನ ಕೆಲವು ಕಡೆ ಸರಪಳಿ ಇಲ್ಲದೆ ನಾಯಿ ಬಿಡಲು ಅನುಮತಿ ಇದೆ. 2018ರಿಂದ ಪಾರ್ಕಿನೊಳಗಿನ ರಸ್ತೆಗಳಲ್ಲಿ ಕಾರಿಲ್ಲ, ಆದರೆ ಸೈಕಲ್‌ಗಳು ಜೋರು. ದಾಟುವಾಗ ಮಗುವಿನ ಕೈ ಬಿಡಬೇಡಿ. ಹೆಕ್ಷರ್ ಹತ್ತಿರವೂ ಡೇನಾ ಸೆಂಟರಿನಲ್ಲೂ ಶೌಚಾಲಯ ಇದೆ. ಸಕ್ಕರೆ ಕಾಯಿಲೆಯವರು ಈ ಎರಡು ಜಾಗಗಳ ಸುತ್ತಮುತ್ತಲೇ ದಿನ ಕಳೆಯುವ ಹಾಗೆ ನೋಡಿಕೊಂಡರೆ ಆರಾಮು.