ನಿಸೆಕೊದಲ್ಲಿ ಜನವರಿ ಸ್ಕೀಯಿಂಗ್: ಹೊಸಬರಿಗೆ ಪೌಡರ್ ಹಿಮ ಸಿಗುತ್ತದಾ?

ಪ್ರಶ್ನೆ: ಬೆಂಗಳೂರಿನಿಂದ ನಾವು ನಾಲ್ವರು, ಮಕ್ಕಳಿಗೆ 9 ಮತ್ತು 13. ಜನವರಿ ಕೊನೆಯ ವಾರ ಜಪಾನಿನ ಹೊಕ್ಕೈಡೊದ ನಿಸೆಕೊಗೆ ಹೋಗುವ ಯೋಚನೆ. ನಾವಿಬ್ಬರು ಗುಲ್ಮಾರ್ಗ್‌ನಲ್ಲಿ ಬೇಸಿಕ್ ಕೋರ್ಸ್ ಮಾಡಿದ್ದೇವೆ, ಮಕ್ಕಳು ಹಿಮವನ್ನೇ ನೋಡಿಲ್ಲ. ಎಲ್ಲಿ ಉಳಿಯೋದು? ಪೌಡರ್ ಸ್ಕೀ (ಹೊಸದಾಗಿ ಬಿದ್ದ ಪುಡಿಯಂಥ ಹಿಮಕ್ಕೆಂದೇ ಇರುವ ಅಗಲದ ಸ್ಕೀ) ಬಾಡಿಗೆಗೆ ತಗೋಬೇಕಾ? ಸಸ್ಯಾಹಾರಿಗಳು.

ಉತ್ತರ (ಸ್ಕೀ ತರಬೇತುದಾರ): ತಿಂಗಳು ಸರಿಯಾಗಿಯೇ ಆರಿಸಿದ್ದೀರಿ. ಸೈಬೀರಿಯಾದ ಕೊರೆಯುವ ಗಾಳಿ ಜಪಾನ್ ಸಮುದ್ರದ ಮೇಲೆ ಹಾದು ತೇವ ಹೀರಿಕೊಂಡು ಬಂದು, ಇಲ್ಲಿಯ ಬೆಟ್ಟಗಳಿಗೆ ಬಡಿದು ಸುರಿಸುತ್ತದೆ. ನಿಸೆಕೊಗೆ ಒಂದು ಚಳಿಗಾಲಕ್ಕೆ ಸರಾಸರಿ ಸುಮಾರು 15 ಮೀಟರ್ ಹಿಮ. ಆದರೆ ಪೌಡರ್ ತರುವ ಬಿರುಗಾಳಿಯೇ ಮೇಲಿನ ಲಿಫ್ಟ್‌ಗಳನ್ನೂ ನಿಲ್ಲಿಸುತ್ತದೆ, ಕಣ್ಣಿಗೆ ಏನೂ ಕಾಣದ ಹಾಗೆ ಮಾಡುತ್ತದೆ. ಅಲ್ಲದೆ ಮೊಣಕಾಲುದ್ದ ಹಿಮದಲ್ಲಿ ಹೊಸಬರು ಬಿದ್ದರೆ ಎದ್ದೇಳುವುದಕ್ಕೇ ಹತ್ತು ನಿಮಿಷ. ಹಾಗಾಗಿ ಮೊದಲ ಮೂರು ದಿನ ಯಂತ್ರದಿಂದ ಹದ ಮಾಡಿದ ಇಳಿಜಾರಿನಲ್ಲೇ ಇರಿ. ಹಸಿರು (ಅತಿ ಸುಲಭದ) ರನ್‌ನಲ್ಲಿ ಎರಡೂ ಸ್ಕೀಗಳನ್ನು ಸಮಾನಾಂತರ ಇಟ್ಟು ತಿರುಗಲು ಬಂದರೆ, ನಾಲ್ಕನೇ ದಿನ ಬೆಳಿಗ್ಗೆ ಅದೇ ರನ್‌ನ ಅಂಚಿನಲ್ಲಿ, ಪಾದ ಮುಳುಗುವಷ್ಟು ಹೊಸ ಹಿಮದಲ್ಲಿ ಪ್ರಯತ್ನಿಸಿ. ನಿಮಗೆ ಪೌಡರ್ ಅಂದರೆ ಅಷ್ಟೇ, ಅದರಲ್ಲೇ ಸಾಕಷ್ಟು ಮಜಾ ಇದೆ.

ಅಲ್ಲಿ ಭಾರವನ್ನು ಎರಡೂ ಕಾಲಿಗೆ ಸಮವಾಗಿ ಹಂಚಿ, ಕಾಲುಗಳನ್ನು ಹತ್ತಿರ ಇಡಿ. ಎಲ್ಲರೂ ಹೆದರಿ ಹಿಂದಕ್ಕೆ ಒರಗುತ್ತಾರೆ. ತೊಡೆ ಉರಿಯುತ್ತದೆ, ಸ್ಕೀ ಮಾತು ಕೇಳುವುದಿಲ್ಲ. ಸ್ಕೀ ಕಳಚಿ ಹೂತುಹೋದರೆ ಕೆಳಗಲ್ಲ, ನೀವು ಬಿದ್ದ ಜಾಗದಿಂದ ಮೇಲಕ್ಕೆ ಹುಡುಕಿ. ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಒಂದೇ ಬೆಟ್ಟಕ್ಕೆ ನಾಲ್ಕು ರೆಸಾರ್ಟ್: ಹಿರಾಫು, ಹನಾಜೊನೊ, ನಿಸೆಕೊ ವಿಲೇಜ್, ಅನ್ನುಪುರಿ. ಊಟ, ಅಂಗಡಿ, ರಾತ್ರಿ ಸ್ಕೀಯಿಂಗ್ ಬೇಕಿದ್ದರೆ ಹಿರಾಫು. ಅಗಲವಾದ, ಗದ್ದಲವಿಲ್ಲದ ಇಳಿಜಾರು ಸಾಕೆಂದರೆ ಅನ್ನುಪುರಿ. ನಿಮಗೆ ನನ್ನ ಮತ ಅನ್ನುಪುರಿಗೆ. ನಾಲ್ಕಕ್ಕೂ ಸೇರಿದ ಪಾಸ್ ಮೊದಲ ದಿನಗಳಿಗೆ ದಂಡ. ಒಂದೇ ರೆಸಾರ್ಟಿನ ಪಾಸ್ ಕೊಳ್ಳಿ. ಇಂಗ್ಲಿಷ್ ಮಾತನಾಡುವ ತರಬೇತುದಾರರನ್ನು ಮಾತ್ರ ಸೆಪ್ಟೆಂಬರ್ ಹೊತ್ತಿಗೇ ಕಾದಿರಿಸಿ.

ಪ್ರಶ್ನೆ: ಸಲಕರಣೆ? ಅಗಲದ ಸ್ಕೀ ಒಳ್ಳೇದು ಅಂತಾರಲ್ಲ?

ಉತ್ತರ (ಸ್ಕೀ ತರಬೇತುದಾರ): ಪೌಡರ್ ಸ್ಕೀ ನಡುಭಾಗದಲ್ಲಿ 105 ರಿಂದ 115 ಮಿ.ಮೀ. ಅಗಲ ಇರುತ್ತದೆ. ಹದ ಮಾಡಿದ ಹಿಮದಲ್ಲಿ ತಿರುಗುವಾಗ ಅದನ್ನು ವಾಲಿಸಿ ಅಂಚಿನ ಮೇಲೆ ನಿಲ್ಲಿಸಲು ಕಲಿಯುವವರಿಗೆ ಕಷ್ಟ. 75ರಿಂದ 85 ಮಿ.ಮೀ., ನಿಮ್ಮ ಗಲ್ಲದ ಎತ್ತರದ್ದು ಸಾಕು. ಹೆಚ್ಚು ಗಮನ ಬೂಟಿಗೆ ಕೊಡಿ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಕ್ಕೆ ತಾಗಬೇಕು, ಮೊಣಕಾಲು ಬಗ್ಗಿಸಿದಾಗ ಹಿಂದಕ್ಕೆ ಸರಿಯಬೇಕು. ಒಂದೇ ಜೊತೆ ತೆಳು ಕಾಲುಚೀಲ. ಎರಡು ಹಾಕಿದರೆ ರಕ್ತ ಹರಿಯದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಥರ್ಮಲ್ ಪ್ಯಾಂಟಿನ ತುದಿಯನ್ನೂ ಬೂಟಿನೊಳಗೆ ತುರುಕಬೇಡಿ. ಬಾಡಿಗೆ ಅಂಗಡಿಯ ಫಾರಂನಲ್ಲಿ ತೂಕ, ಎತ್ತರ, ಸ್ಕೀ ಮಟ್ಟ ಸುಳ್ಳು ಹೇಳಬೇಡಿ. ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಎಷ್ಟು ಬಲಕ್ಕೆ ಕಳಚಬೇಕೆಂದು ಅದರಿಂದಲೇ ನಿರ್ಧರಿಸುತ್ತಾರೆ. ಜಂಭ ಕೊಚ್ಚಿದರೆ ಮೊಣಕಾಲು ಹೋಗುತ್ತದೆ. ಗಾಗಲ್ಸ್‌ಗೆ ಹಳದಿ ಅಥವಾ ಗುಲಾಬಿ ಛಾಯೆಯ, ಮಂದ ಬೆಳಕಿನ ಲೆನ್ಸ್. ಹಣೆ ಮೇಲೆ ಏರಿಸಿಟ್ಟರೆ ಒಳಗೆ ಮಂಜು ಕಟ್ಟಿ ಆ ದಿನಕ್ಕೆ ಮುಗಿಯಿತು.

ಉತ್ತರ (ಪ್ರವಾಸ ಯೋಜಕ): ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಅಲ್ಲಿಂದ ಹೊಕ್ಕೈಡೊದ ನ್ಯೂ ಚಿತೋಸೆಗೆ ದೇಶೀಯ ವಿಮಾನ, ಮುಂದೆ ಎರಡೂವರೆಯಿಂದ ಮೂರು ಗಂಟೆ ಬಸ್. ಹಿಮದಲ್ಲಿ ಎಲ್ಲವೂ ತಡವಾಗುವುದರಿಂದ ಮೊದಲ ರಾತ್ರಿ ಚಿತೋಸೆಯಲ್ಲೇ ಇರಿ. ಚೀನೀ ಹೊಸವರ್ಷದ ವಾರ (2027ರಲ್ಲಿ ಫೆಬ್ರವರಿ 6) ದರ ಏರುತ್ತದೆ, ತಪ್ಪಿಸಿ.

ಊಟದಲ್ಲಿ ಮೋಸ ಹೋಗುವುದು ಸಾರಿನಲ್ಲಿ. ಮಿಸೊ ಸೂಪ್, ಉಡಾನ್ (ದಪ್ಪ ನೂಡಲ್ಸ್) ಎರಡಕ್ಕೂ ಸಾಮಾನ್ಯವಾಗಿ ದಾಶಿ ಎಂಬ ಒಣಮೀನಿನ ಸಾರು ಬಳಸುತ್ತಾರೆ. ತಟ್ಟೆಯಲ್ಲಿ ಮೀನು ಕಾಣುವುದಿಲ್ಲ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತಗೊಳ್ಳಿ, ಪುಳಿಯೋಗರೆ ಗೊಜ್ಜು, ರೆಡಿ ಉಪ್ಪಿಟ್ಟು ಒಯ್ಯಿರಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ ಬೇಡ. ವಿಮಾನ ನಿಲ್ದಾಣದ ಸಸ್ಯ ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ಪ್ರಶ್ನೆ: ದೊಡ್ಡವನು ಮರಗಳ ನಡುವೆ ಹೋಗುತ್ತೇನೆ ಅಂತ ಈಗಲೇ ಹಟ ಮಾಡ್ತಿದ್ದಾನೆ.

ಉತ್ತರ (ಸ್ಕೀ ತರಬೇತುದಾರ): ಈ ಸಲ ಬೇಡ. ಕೊಂಬೆಗಳ ಕೆಳಗೆ ಬುಡದ ಸುತ್ತ ಹಿಮ ಪೊಳ್ಳಾಗಿರುತ್ತದೆ. ತಲೆಕೆಳಗಾಗಿ ಅದರೊಳಗೆ ಬಿದ್ದರೆ ಸ್ವಂತ ಬಲದಿಂದ ಹೊರಬರಲಾಗುವುದಿಲ್ಲ, ಉಸಿರುಗಟ್ಟಿ ಜೀವ ಹೋದದ್ದುಂಟು. ನುರಿತವರೂ ಜೋಡಿಯಾಗಿ, ಒಬ್ಬರನ್ನೊಬ್ಬರು ನೋಡುತ್ತಲೇ, ಕೋಲಿನ ಪಟ್ಟಿಯನ್ನು ಮಣಿಕಟ್ಟಿಗೆ ಹಾಕದೆ ಹೋಗುತ್ತಾರೆ. ರೆಸಾರ್ಟ್ ಗಡಿಯಾಚೆ ಹೋಗಲು ಗೇಟ್‌ಗಳಿವೆ, ಪ್ಯಾಟ್ರೋಲ್ (ರೆಸಾರ್ಟಿನ ಸುರಕ್ಷತಾ ತಂಡ) ತೆರೆದಾಗ ಮಾತ್ರ. ಹಗ್ಗದ ಕೆಳಗೆ ನುಸುಳಿದರೆ ಪಾಸ್ ಕಿತ್ತುಕೊಳ್ಳುತ್ತಾರೆ, ಹುಡುಕಲು ಬಂದರೆ ಆ ಖರ್ಚು ನಿಮ್ಮದು. ಪ್ರವಾಸ ವಿಮೆ ಕೊಳ್ಳುವಾಗಲೂ ಚಳಿಗಾಲದ ಕ್ರೀಡೆ ಸೇರಿದೆಯಾ ಎಂದು ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಅದಕ್ಕೆ ಬೇರೆ ದುಡ್ಡು ಕಟ್ಟಬೇಕು.