ಕ್ರಾಸ್‌ಬೋಗೆ ಯಾವ ಬ್ರಾಡ್‌ಹೆಡ್: ಸ್ಥಿರ ಅಲಗಿನದೋ, ಬಿಚ್ಚಿಕೊಳ್ಳುವುದೋ?

ಹೊಸಬ, ಓಹಾಯೋ:
ಎಲ್ಲರಿಗೂ ನಮಸ್ಕಾರ. ಬೇಟೆ ತರಬೇತಿ ಮುಗಿಸಿ ಪರವಾನಗಿ ಪಡೆದಿದ್ದೇನೆ. ಸೆಪ್ಟೆಂಬರ್ ಕೊನೆಗೆ ಇಲ್ಲಿ ಜಿಂಕೆಯ ಬಿಲ್ಲುಬೇಟೆ ಶುರುವಾಗುತ್ತದೆ. ನನ್ನ ಕ್ರಾಸ್‌ಬೋ (ಬಂದೂಕಿನಂತೆ ಹಿಡಿದು ಹೊಡೆಯುವ ಅಡ್ಡಬಿಲ್ಲು) ಬಾಣವನ್ನು ಸೆಕೆಂಡಿಗೆ 370 ಅಡಿ ವೇಗದಲ್ಲಿ ಬಿಡುತ್ತದೆ. ಬಾಣಗಳ ಜೊತೆ ಬಂದ ಅಭ್ಯಾಸದ ಮೊನೆಗಳು 100 ಗ್ರೇನ್ (ಸುಮಾರು ಆರೂವರೆ ಗ್ರಾಂ) ತೂಕದವು. ಬಾಣ ತಗಲಿದಾಗ ಎರಡು ಇಂಚು ಅಗಲಕ್ಕೆ ಬಿಚ್ಚಿಕೊಳ್ಳುವ ಬ್ರಾಡ್‌ಹೆಡ್ (ಬಾಣದ ತುದಿಗೆ ಹಾಕುವ, ಹರಿತ ಅಲಗುಗಳ ಬೇಟೆಮೊನೆ) ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಅಟ್ಟಣೆಯಿಂದ 20–25 ಗಜದಲ್ಲಿ ಹೊಡೆಯುವ ಯೋಚನೆ. ಏನು ಕೊಳ್ಳಲಿ?

ಕೊಡಗಿನ ಅಜ್ಜ, ಮಿಶಿಗನ್:
ತಮ್ಮಾ, ಮೊದಲು ಅಂಗಡಿಯವರ ಎರಡು ಇಂಚನ್ನು ಮರೆತುಬಿಡು. ನಾನೂ ಒಮ್ಮೆ ಹಾಗೇ ಮರುಳಾಗಿದ್ದೆ. ಗುರಿ ನಾಲ್ಕು ಬೆರಳು ಮುಂದಾಗಿ ಬಾಣ ಭುಜದ ಮೂಳೆಗೆ ಬಡಿಯಿತು. ಅಲಗು ಬಿಚ್ಚಿಕೊಂಡಿತೇನೋ ನಿಜ, ಒಳಗೆ ಇಳಿಯಲಿಲ್ಲ. ಟಾರ್ಚು ಹಿಡಿದು ಮಧ್ಯರಾತ್ರಿಯವರೆಗೆ ರಕ್ತದ ಜಾಡು ಹುಡುಕಿದೆ. ಜಿಂಕೆ ಸಿಗಲಿಲ್ಲ. ಹಸಿದು ಬಂದವನಿಗೆ ಅಂದು ಅನ್ನ ಸೇರಲಿಲ್ಲ.

ಅಲಗು ಅಗಲವಾದಷ್ಟೂ ಬಾಣದ ಬಲ ಕೊಯ್ಯುವುದರಲ್ಲೇ ಕರಗುತ್ತದೆ. ನನಗೆ ಬೇಕಾದುದು ಆಚೆ ಪಕ್ಕೆಯಿಂದ ಹೊರಬರುವ ಬಾಣ. ಅಟ್ಟಣೆಯಿಂದ ಹೊಡೆದ ಏಟು ಮೇಲೆ ಹೊಕ್ಕು ಕೆಳಗೆ ಹೊರಡುತ್ತದೆ. ಆ ಕೆಳಗಿನ ತೂತಿಲ್ಲದಿದ್ದರೆ ರಕ್ತ ಎದೆಗೂಡಿನಲ್ಲೇ ನಿಲ್ಲುತ್ತದೆ, ನೆಲದ ಮೇಲೆ ಜಾಡು ಮೂಡುವುದಿಲ್ಲ. ಅದಕ್ಕೇ ನಾನು ಒಂದು ಇಂಚಿಗೆ ತುಸು ಮೇಲ್ಪಟ್ಟ, ಮೂರು ಅಲಗಿನ, 100 ಗ್ರೇನ್‌ನ ಸ್ಥಿರ ಬ್ರಾಡ್‌ಹೆಡ್ ಹಿಡಿದಿದ್ದೇನೆ.

ವೇಗಪ್ರಿಯ, ಪೆನ್ಸಿಲ್ವೇನಿಯಾ:
ಅಜ್ಜ ಹೇಳಿದ್ದು ಅರ್ಧ ಸರಿ. 370 ಅಡಿ ವೇಗದಲ್ಲಿ ಸ್ಥಿರ ಅಲಗುಗಳು ಗಾಳಿಗೆ ರೆಕ್ಕೆಯಂತೆ ವರ್ತಿಸಿ ಬಾಣವನ್ನು ಪಕ್ಕಕ್ಕೆ ಎಳೆಯಬಹುದು. ಬಿಚ್ಚಿಕೊಳ್ಳುವವು ಅಭ್ಯಾಸದ ಮೊನೆಯಂತೆಯೇ ಹಾರುತ್ತವೆ. ಒಂದೂವರೆ ಇಂಚಿನದು ಸಾಕು. ಆದರೆ ಕ್ರಾಸ್‌ಬೋಗೆಂದೇ ಮಾಡಿದ್ದನ್ನು ಕೊಳ್ಳಿ. ಸಾಮಾನ್ಯ ಬಿಲ್ಲಿನದಾದರೆ ಹೊರಡುವ ರಭಸಕ್ಕೇ ಬಿಚ್ಚಿಕೊಳ್ಳಬಹುದು.

ಹೊಸಬ, ಓಹಾಯೋ:
ಸ್ಥಿರ ಅಲಗಿನ ಮೂರನ್ನು ತಂದು ಹೊಡೆದೆ. 20 ಗಜದಲ್ಲಿ ಎರಡು ಒಂದೇ ಕಡೆ ಬಿದ್ದವು, ಮೂರನೆಯದು ಎಡಕ್ಕೆ ನಾಲ್ಕು ಇಂಚು ಸರಿಯಿತು. ಕ್ರಾಸ್‌ಬೋ ಮೇಲಿನ ಗುರಿ ದುರ್ಬೀನನ್ನು ತಿರುಗಿಸಿ ಸರಿಹೊಂದಿಸಲೇ ಅಜ್ಜ?

ಕೊಡಗಿನ ಅಜ್ಜ, ಮಿಶಿಗನ್:
ದುರ್ಬೀನಿಗೆ ಈಗಲೇ ಕೈ ಹಚ್ಚಬೇಡ. ಆ ಬಾಣವನ್ನು ಮೊನೆ ಕೆಳಗಾಗಿ ಮೇಜಿನ ಮೇಲಿಟ್ಟು ಬುಗುರಿಯಂತೆ ತಿರುಗಿಸು. ನಡುಗಿದರೆ ಬ್ರಾಡ್‌ಹೆಡ್ ನೇರವಾಗಿ ಕೂತಿಲ್ಲ. ಬಿಚ್ಚಿ, ಇನ್ನೊಂದು ಬಾಣಕ್ಕೆ ಹಾಕಿ ನೋಡು. ಎಲ್ಲವೂ ಒಂದೇ ಕಡೆಗೆ ಸರಿದು ಬಿದ್ದರೆ ಮಾತ್ರ ದುರ್ಬೀನನ್ನು ಆ ಬ್ರಾಡ್‌ಹೆಡ್‌ಗೆ ಹೊಂದಿಸು. ಇನ್ನೊಂದು ಮಾತು: ಫೋಮ್ ಹಲಗೆಗೆ ಹೊಡೆದ ಅಲಗು ಮೊಂಡಾಗಿರುತ್ತದೆ. ಅದನ್ನೇ ಕಾಡಿಗೆ ಒಯ್ಯಬೇಡ, ಹೊಸ ಅಲಗು ಹಾಕು. ಬರಿಗೈಯಲ್ಲಿ ಮುಟ್ಟುವಾಗ ಜೋಕೆ, ನನ್ನ ಹೆಬ್ಬೆರಳಿನಲ್ಲಿ ಇನ್ನೂ ಗುರುತಿದೆ.

ಹೊಸಬ, ಓಹಾಯೋ:
ಮೇಜಿನ ಮೇಲೆ ನಡುಗಿತು. ಬೇರೆ ಬಾಣಕ್ಕೆ ಹಾಕಿದೆ, ಈಗ ಮೂರೂ ಒಂದು ಅಂಗೈ ಅಗಲದೊಳಗೆ ಬೀಳುತ್ತಿವೆ.