ನಿಂತರೆ ಬಿಸಿ, ಓಡಿದರೆ ತಂಪು: ಕಂಪ್ರೆಸರ್ ಬದಲಿಸಲೇಬೇಕೆ?

ಕಾರಟಗಿಯವ:
ನನ್ನದು 2011ರ ವ್ಯಾಗನ್ ಆರ್. ಗಂಗಾವತಿ ರಸ್ತೆಯಲ್ಲಿ ಓಡುವಾಗ ಎ.ಸಿ. ಚೆನ್ನಾಗಿಯೇ ತಂಪು ಕೊಡುತ್ತದೆ. ಊರೊಳಗೆ ಭತ್ತದ ಲಾರಿಗಳ ಹಿಂದೆ ಐದು ನಿಮಿಷ ನಿಂತರೆ ಸಾಕು, ಒಲೆಯ ಮುಂದೆ ಕೂತ ಹಾಗೆ. ಕಳೆದ ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್ ತುಂಬಿಸಿದೆ, ಸಲಕ್ಕೆ 1,800 ರೂಪಾಯಿ. ಈಗ ಅದೇ ಗ್ಯಾರೇಜಿನವರು ಕಂಪ್ರೆಸರ್ (ಎ.ಸಿ. ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ಹೋಗಿದೆ, 16,000 ಆಗುತ್ತದೆ ಎನ್ನುತ್ತಿದ್ದಾರೆ. ಮಗಳ ಕಾಲೇಜು ಶುಲ್ಕ ಕಟ್ಟುವ ತಿಂಗಳು ಬೇರೆ. ಏನು ಮಾಡಲಿ?

ಸಿಂಧನೂರಿನ ವೈರಿಂಗ್ ಕೆಲಸದವ:
ಸದ್ಯಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಓಡುವಾಗ ತಂಪಾಗುವ ಗಾಡಿಯಲ್ಲಿ ಕಂಪ್ರೆಸರನ್ನು ದೂರುವುದು ಕೊನೆಯ ಮಾತು. ಓಟದಲ್ಲಿ ಎದುರುಗಾಳಿಯೇ ಕಂಡೆನ್ಸರನ್ನು, ಅಂದರೆ ಗ್ಯಾಸಿನ ಬಿಸಿಯನ್ನು ಹೊರಹಾಕುವ ಮುಂದಿನ ಜಾಲರಿಯನ್ನು, ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಎಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿ, ಬಾನೆಟ್ ಎತ್ತಿ ನೋಡಿ. ಕೈ ಮಾತ್ರ ಒಳಗೆ ಹಾಕಬೇಡಿ, ಫ್ಯಾನು ಹೇಳದೆ ಕೇಳದೆ ತಿರುಗಿಬಿಡುತ್ತದೆ. ತಿರುಗದಿದ್ದರೆ ಮೊದಲು ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಆಮೇಲೆ ಮೋಟಾರ್ ನೋಡಿ. ಅಂದಹಾಗೆ, ಗಾಡಿ ನಿಲ್ಲಿಸುವುದು ಎಲ್ಲಿ?

ಕಾರಟಗಿಯವ:
ರೈಸ್ ಮಿಲ್ಲಿನ ಅಂಗಳದಲ್ಲಿ. ಲೆಕ್ಕ ಬರೆಯುವ ಕೆಲಸ ಅಲ್ಲಿಯೇ. ಫ್ಯಾನು ತಿರುಗುತ್ತಿದೆ.

ಸಿಂಧನೂರಿನ ವೈರಿಂಗ್ ಕೆಲಸದವ:
ಹಾಗಾದರೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ, ಸ್ವಾಮಿ.

ಬಳ್ಳಾರಿಯವ:
ಎರಡು ಸಲ ಗ್ಯಾಸ್ ತುಂಬಿಸಿದ್ದನ್ನು ಯಾರೂ ಕೇಳಲಿಲ್ಲವಲ್ಲ! ಅದೇನು ಪೆಟ್ರೋಲಿನಂತೆ ಉರಿದು ಮುಗಿಯುತ್ತದೆಯೇ? ಒಂದೇ ಬೇಸಿಗೆಯಲ್ಲಿ ಇಳಿದಿದ್ದರೆ ಎಲ್ಲೋ ಸೋರಿಕೆ ಇದೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಹೊರಬರುವುದರಿಂದ ಸೋರುವ ಕಡೆ ಜಿಡ್ಡು ಕಟ್ಟಿ ಧೂಳು ಅಂಟಿರುತ್ತದೆ. ನನ್ನ ಗಾಡಿಯಲ್ಲಿ ಅದಿರಿನ ಕೆಂಪು ಧೂಳು ಒಂದು ಪೈಪಿನ ಕೊರಳಿಗೆ ಕುಂಕುಮದಂತೆ ಮೆತ್ತಿಕೊಂಡು ಜಾಗ ತೋರಿಸಿತು. 40 ರೂಪಾಯಿಯ ರಬ್ಬರ್ ಉಂಗುರ, ಅಷ್ಟೇ. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿ ಪರೀಕ್ಷಿಸುವವರ ಬಳಿ ಹೋಗಿ. ತುಂಬುವ ಮುನ್ನ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಲಿ, ಅಂದರೆ ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಹೊರತೆಗೆಯಲಿ. ಒಳಗೆ ತೇವ ಉಳಿಯಬಾರದು. ಆರ್134ಎ ಎಂಬ ಈ ಎ.ಸಿ. ಗ್ಯಾಸನ್ನು ತೂಕ ಮಾಡಿಯೇ ಹಾಕಬೇಕು. ಹೆಚ್ಚಾದರೂ ತಂಪು ಕೆಡುತ್ತದೆ.

ಕಾರಟಗಿಯವ:
ಭಾನುವಾರ ಬಂಪರ್ ಬಿಚ್ಚಿಸಿದೆ. ಸಂದಿಯಲ್ಲಿ ಭತ್ತದ ಹೊಟ್ಟು ಚಾಪೆಯಂತೆ ಹಾಸಿತ್ತು. ಎಳೆದರೆ ಅಂಗೈ ಅಗಲದ ತುಂಡಾಗಿಯೇ ಬಂತು. ಎಂಜಿನ್ ಆರಿದ ಮೇಲೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆದೆವು. ಜೋರಾಗಿ ಬಿಟ್ಟರೆ ಕಂಡೆನ್ಸರಿನ ತೆಳು ತಗಡಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಬಿಚ್ಚಿ ಕೂರಿಸಿದ ಹುಡುಗನಿಗೆ 300 ಕೊಟ್ಟೆ. ಈಗ ಲಾರಿ ಹಿಂದೆ ನಿಂತರೂ ತಂಪು ಉಳಿಯುತ್ತದೆ, ಮೊದಲಿನಷ್ಟು ಅಲ್ಲ. ಕಂಡೆನ್ಸರಿನ ಬಲಗಡೆಯ ಜೋಡಣೆಯಲ್ಲಿ ಬೆರಳಿಗೆ ಜಿಡ್ಡು ಹತ್ತಿತು. ನೈಟ್ರೋಜನ್ ಪರೀಕ್ಷೆಗೆ ಬುಧವಾರ ಸಿಂಧನೂರಿಗೆ ಬರುತ್ತಿದ್ದೇನೆ. ಗಾಡಿಯನ್ನು ಮಿಲ್ಲಿನ ಗೇಟಿನ ಆಚೆ, ಬೇವಿನ ಮರದ ಕೆಳಗೆ ನಿಲ್ಲಿಸುತ್ತಿದ್ದೇನೆ. ಈಗ ಕಾಗೆಗಳ ಕಾಟ.